ಶಭಾಷ್ ಎಂದರೆ ಸಾಕೆ? ಪಾಸ್ ಅಂಕದ ಜಗಳದಲ್ಲಿ ಕಾಣೆಯಾದ ಮಾತು

ಕರ್ನಾಟಕದ ಶಾಲಾ ಪರೀಕ್ಷೆಗಳ ಬಗ್ಗೆ ಈಚಿನ ವರ್ಷಗಳಲ್ಲಿ ಬಂದ ಸುದ್ದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ, ವ್ಯವಸ್ಥೆಗೆ ಮಕ್ಕಳ ಮೇಲೆ ಕನಿಕರ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂಬುದೇ ತಿಳಿಯುವುದಿಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂತು, ಫಲಿತಾಂಶ ಕುಸಿಯಿತು, ಕೃಪಾಂಕದ ಮಿತಿಯನ್ನು ಶೇ 10ರಿಂದ ಶೇ 20ಕ್ಕೆ ಏರಿಸಲಾಯಿತು. ಅಷ್ಟು ಕೈಹಿಡಿದ ಮೇಲೂ ಉತ್ತೀರ್ಣರ ಪ್ರಮಾಣ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ಟೀಕೆಗಳು ಬಂದ ಮೇಲೆ ಆ ಕೃಪಾಂಕವನ್ನು ಕೈಬಿಡಲಾಯಿತು. 2025ರ ಅಕ್ಟೋಬರ್‌ನಲ್ಲಿ ಪಾಸ್ ಅಂಕವನ್ನೇ ಶೇ 35ರಿಂದ ಶೇ 33ಕ್ಕೆ ಇಳಿಸುವ ಪ್ರಕಟಣೆ ಹೊರಬಿತ್ತು. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 219 ಬೇಕಿದ್ದಲ್ಲಿ ಈಗ 206 ಸಾಕು, ಪ್ರತಿ ವಿಷಯದಲ್ಲೂ ಕನಿಷ್ಠ ಶೇ 30 ಇರಬೇಕು. ಇದರ ನಡುವೆಯೇ, 2024ರ ಡಿಸೆಂಬರ್‌ನಲ್ಲಿ, ಕೇಂದ್ರ ಸರ್ಕಾರ ಐದು ಮತ್ತು ಎಂಟನೇ ತರಗತಿಯ ಮಕ್ಕಳನ್ನು ಅನುತ್ತೀರ್ಣಗೊಳಿಸಲು ಅವಕಾಶ ಕೊಡುವ ನಿಯಮಗಳನ್ನು ಪ್ರಕಟಿಸಿತು.

ಒಂದು ಕೈ ಬಾಗಿಲನ್ನು ಅಗಲ ಮಾಡುತ್ತಿದೆ, ಇನ್ನೊಂದು ಕೈ ಅದಕ್ಕೆ ಚಿಲಕ ಹಾಕುತ್ತಿದೆ. ಪೋಷಕರಿಗೆ ಗೊಂದಲವಾಗುವುದು ಸಹಜ.

ಈ ಸುದ್ದಿಗಳ ಸುತ್ತ ಎದ್ದ ಚರ್ಚೆಯಲ್ಲಿ ಎರಡು ಬಣಗಳಿವೆ. ಮಗುವಿನ ಹಣೆಗೆ ‘ಫೇಲ್’ ಎಂಬ ಮುದ್ರೆ ಒತ್ತಿದರೆ ಅದು ಶಾಲೆಯನ್ನೇ ಬಿಟ್ಟುಹೋಗುತ್ತದೆ, ಆದ್ದರಿಂದ ಪ್ರೋತ್ಸಾಹ ಬೇಕು ಎನ್ನುವುದು ಮೊದಲನೆಯ ಬಣ. ಒಂದರಿಂದ ಒಂಬತ್ತರವರೆಗೆ ‘ಗುಡ್, ವೆರಿ ಗುಡ್’ ಎಂದು ಬೆನ್ನು ತಟ್ಟಿ ದಾಟಿಸಿದ್ದರಿಂದಲೇ ಹತ್ತನೇ ತರಗತಿಯಲ್ಲಿ ನಿಜ ಬಯಲಾಗುತ್ತಿದೆ ಎನ್ನುವುದು ಎರಡನೆಯದು. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಪ್ರೋತ್ಸಾಹವೆಂದರೆ ಸಕ್ಕರೆಯಂತೆ, ಹೆಚ್ಚು ಹಾಕಬೇಕೋ ಕಡಿಮೆ ಹಾಕಬೇಕೋ ಎಂಬುದಷ್ಟೇ ಪ್ರಶ್ನೆ ಎಂದು ಇಬ್ಬರೂ ಒಪ್ಪಿಕೊಂಡೇ ಜಗಳಕ್ಕೆ ಇಳಿದಿದ್ದಾರೆ. ತಪ್ಪಿರುವುದು ಆ ಒಪ್ಪಂದದಲ್ಲಿ.

ಹೊಗಳಿಕೆ ಬೇರೆ, ಹಿಮ್ಮಾಹಿತಿ ಬೇರೆ

ಶಿಕ್ಷಕರ ತರಬೇತಿಯ ಪಠ್ಯಗಳಲ್ಲಿ ‘ಹಿಮ್ಮಾಹಿತಿ’ ಎಂಬ ಪದವಿದೆ. ಸ್ಟಾಫ್ ರೂಮಿನಲ್ಲಿ ಅದನ್ನು ಫೀಡ್‌ಬ್ಯಾಕ್ ಎಂದೇ ಕರೆಯುತ್ತಾರೆ. ಹೊಗಳಿಕೆ ಒಂದು ತೀರ್ಪು: ನೀನು ಒಳ್ಳೆಯವನು, ನಿನ್ನ ಕೆಲಸ ಒಳ್ಳೆಯದು. ಹಿಮ್ಮಾಹಿತಿ ಒಂದು ಸಮಾಚಾರ: ನೀನು ಇಲ್ಲಿಯವರೆಗೆ ಬಂದಿದ್ದೀ, ಇಲ್ಲಿ ದಾರಿ ತಪ್ಪಿದೆ, ಮುಂದಿನ ಹೆಜ್ಜೆ ಇದು. ಜಾನ್ ಹ್ಯಾಟಿ ಮತ್ತು ಹೆಲೆನ್ ಟಿಂಪರ್ಲಿ 2007ರಲ್ಲಿ ಪ್ರಕಟಿಸಿದ, ಶಿಕ್ಷಣ ಕ್ಷೇತ್ರದಲ್ಲಿ ಬಹಳವಾಗಿ ಉಲ್ಲೇಖಗೊಳ್ಳುವ ಪ್ರಬಂಧವು ಇದನ್ನೇ ಮೂರು ಪ್ರಶ್ನೆಗಳಾಗಿ ಒಡೆದಿತ್ತು. ಎಲ್ಲಿಗೆ ಹೋಗುತ್ತಿದ್ದೇನೆ, ಹೇಗೆ ಸಾಗಿದ್ದೇನೆ, ಮುಂದೆ ಎಲ್ಲಿಗೆ? ಕೆಲಸದ ಬಗ್ಗೆ ಮತ್ತು ಕೆಲಸ ಮಾಡಿದ ಬಗೆಯ ಕುರಿತು ಹೇಳಿದ ಮಾತು ಕಲಿಕೆಗೆ ನೆರವಾಗುತ್ತದೆ, ‘ಜಾಣ ಹುಡುಗಿ’ ಎಂಬಂತೆ ವ್ಯಕ್ತಿಗೆ ಅಂಟಿಸಿದ ಮಾತು ಅತಿ ಕಡಿಮೆ ನೆರವಾಗುತ್ತದೆ ಎಂಬುದು ಅವರ ನಿಲುವು.

ಬೈಗುಳಕ್ಕೂ ಇದೇ ಮಾತು ಅನ್ವಯಿಸುತ್ತದೆ. ‘ಕತ್ತೆ, ಏನು ಬರೆದಿದ್ದೀಯಾ’ ಎನ್ನುವ ಶಿಕ್ಷಕರೂ ‘ವೆರಿ ಗುಡ್’ ಎನ್ನುವ ಶಿಕ್ಷಕರೂ, ಮಗುವಿಗೆ ಸಿಗುವ ಮಾಹಿತಿಯ ಲೆಕ್ಕದಲ್ಲಿ ನೋಡಿದರೆ, ಅಕ್ಕಪಕ್ಕದಲ್ಲೇ ಕೂತಿದ್ದಾರೆ.

ಒಂದು ಕಳೆಯುವ ಲೆಕ್ಕ

ಮೂರನೇ ತರಗತಿಯ ಒಂದು ಕಾಪಿ ಪುಸ್ತಕವನ್ನು ಕಲ್ಪಿಸಿಕೊಳ್ಳಿ. ಹತ್ತು ಕಳೆಯುವ ಲೆಕ್ಕಗಳಿವೆ. 58ರಲ್ಲಿ 23, 76ರಲ್ಲಿ 41, ಹೀಗೆ ಆರು ಲೆಕ್ಕಗಳು ಸರಿ. ಉಳಿದ ನಾಲ್ಕು ತಪ್ಪು. 52ರಲ್ಲಿ 37 ಕಳೆದರೆ 25 ಎಂದು ಬರೆದಿದೆ. 61ರಲ್ಲಿ 28 ಕಳೆದರೆ 47 ಎಂದಿದೆ. ಕೆಂಪು ಶಾಯಿಯಲ್ಲಿ ಆರು ರೈಟು, ನಾಲ್ಕು ತಪ್ಪು, ಕೆಳಗೆ ‘6/10, ಗುಡ್’, ಒಂದು ಸಹಿ, ದಿನಾಂಕ.

ತಪ್ಪುಗಳನ್ನು ಕೊಂಚ ಹತ್ತಿರದಿಂದ ನೋಡಿ. 52ರಲ್ಲಿ 37 ಕಳೆಯುವಾಗ ಎರಡರಲ್ಲಿ ಏಳು ಹೋಗುವುದಿಲ್ಲವೆಂದು ಮಗು ಏಳರಲ್ಲಿ ಎರಡನ್ನು ಕಳೆದು ಐದು ಬರೆದಿದೆ, ಆಮೇಲೆ ಐದರಲ್ಲಿ ಮೂರು ಕಳೆದು ಎರಡು ಬರೆದಿದೆ. ಎರಡನೆಯ ತಪ್ಪೂ ಹೀಗೆಯೇ ಹುಟ್ಟಿದೆ. ಇದು ಅಜಾಗರೂಕತೆಯಲ್ಲ, ‘ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು’ ಎಂದು ಹಿಂದೆ ಯಾರೋ ಹೇಳಿದ ನಿಯಮವನ್ನು ಮಗು ಚಾಚೂತಪ್ಪದೆ ಪಾಲಿಸಿದೆ. ದಶಕ ಸಹಿತ ಕಳೆಯುವ ಕ್ರಮವೊಂದೇ ಅದಕ್ಕೆ ತಿಳಿದಿಲ್ಲ. ‘6/10, ಗುಡ್’ ಎಂಬ ಬರಹ ಈ ಮಗುವಿಗೆ ಹೇಳುವುದೇನು? ಹತ್ತರಲ್ಲಿ ಆರು ಸಲ ನಿನ್ನ ದಾರಿ ಸರಿ, ಅದನ್ನೇ ಮುಂದುವರಿಸು ಎಂದು. ನಾಲ್ಕನೇ ತರಗತಿಯಲ್ಲಿ ಮೂರಂಕಿಯ ಲೆಕ್ಕ ಬಂದಾಗ ಇದೇ ತಪ್ಪು ದೊಡ್ಡದಾಗುತ್ತದೆ, ಏಳನೇ ತರಗತಿಯಲ್ಲಿ ದಶಮಾಂಶದೊಳಗೆ ಸೇರಿಕೊಳ್ಳುತ್ತದೆ, ಒಂಬತ್ತಕ್ಕೆ ಬರುವಷ್ಟರಲ್ಲಿ ‘ಇವನಿಗೆ ಗಣಿತ ಹತ್ತುವುದಿಲ್ಲ’ ಎಂಬ ಹೆಸರು ಪಡೆಯುತ್ತದೆ.

ಈ ಕಾಪಿ ಪುಸ್ತಕ ಕಾಲ್ಪನಿಕ, ಇಂತಹ ತಪ್ಪು ಕಾಲ್ಪನಿಕವಲ್ಲ. ಗ್ರಾಮೀಣ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯ ಪ್ರಕಾರ ಗ್ರಾಮೀಣ ಭಾರತದ ಮೂರನೇ ತರಗತಿಯ ಮಕ್ಕಳಲ್ಲಿ ಎರಡಂಕಿಯ, ದಶಕ ತೆಗೆದುಕೊಳ್ಳಬೇಕಾದ ಕಳೆಯುವ ಲೆಕ್ಕವನ್ನು ಮಾಡಬಲ್ಲವರು ಶೇ 33.7 ಮಾತ್ರ. ಉಳಿದ ಮಕ್ಕಳ ಪುಸ್ತಕಗಳಲ್ಲೂ ಕೆಂಪು ಶಾಯಿಯ ಸಹಿ ಇದ್ದೇ ಇರುತ್ತದೆ.

‘ಬಿಡಿ ಸ್ಥಾನದಲ್ಲಿ ಮೇಲಿನ ಅಂಕಿ ದೊಡ್ಡದಿದ್ದಾಗ ಎಲ್ಲ ಸರಿ ಮಾಡಿದ್ದೀ. 52ರಲ್ಲಿ ಮೇಲಿನದು ಚಿಕ್ಕದು. ಐದು ಹತ್ತುಗಳಲ್ಲಿ ಒಂದು ಹತ್ತನ್ನು ಬಿಚ್ಚಿ, ಕಡ್ಡಿ ಕಟ್ಟಿನಲ್ಲಿ ಮಾಡಿ ತೋರಿಸು’ ಎಂದು ಬರೆದಿದ್ದರೆ ಅದರಲ್ಲಿ ಮೆಚ್ಚುಗೆಯೂ ಇದೆ, ತಪ್ಪಿನ ಜಾಗವೂ ಇದೆ, ನಾಳೆ ಮಾಡಬೇಕಾದ ಕೆಲಸವೂ ಇದೆ. ಸಮತೋಲನ ಎನ್ನುವುದು ಇದನ್ನೇ. ಮೂರು ಹೊಗಳಿಕೆಗೆ ಒಂದು ತೆಗಳಿಕೆ ಎಂಬಂಥ ಪಾಕಸೂತ್ರವಾಗಲಿ, ಎರಡು ಸಿಹಿಮಾತಿನ ನಡುವೆ ಒಂದು ಕಹಿಯನ್ನು ಇಡುವ ಉಪಾಯವಾಗಲಿ ಇದಕ್ಕೆ ಬದಲಿಯಲ್ಲ.

ಸಂಶೋಧನೆ ಹೇಳಿದ್ದು, ಹೇಳದೇ ಇದ್ದದ್ದು

ಈ ಚರ್ಚೆಯ ಬೇರುಗಳು ಅಮೆರಿಕದಲ್ಲಿವೆ. 1986ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಆತ್ಮಗೌರವವನ್ನು ಬೆಳೆಸಲೆಂದೇ ಒಂದು ಕಾರ್ಯಪಡೆ ರಚಿಸಿತು. ಮಕ್ಕಳಿಗೆ ತಮ್ಮ ಬಗ್ಗೆ ಒಳ್ಳೆಯ ಭಾವನೆ ಇದ್ದರೆ ಓದು, ನಡತೆ ಎಲ್ಲವೂ ತಾನಾಗಿ ಸುಧಾರಿಸುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. 2003ರಲ್ಲಿ ಮನೋವಿಜ್ಞಾನಿ ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು ಲಭ್ಯ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದಾಗ, ಆತ್ಮಗೌರವವನ್ನು ಏರಿಸಿದರೆ ಓದು ಸುಧಾರಿಸುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಚೆನ್ನಾಗಿ ಓದುವುದರಿಂದ ಆತ್ಮಗೌರವ ಹೆಚ್ಚುತ್ತದೆ ಎಂಬ ತಿರುವುಮುರುವು ದಾರಿಯೇ ಹೆಚ್ಚು ಸಂಭವನೀಯವಾಗಿ ಕಂಡಿತು.

ಅಷ್ಟರೊಳಗೆ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಅವರ 1998ರ ಅಧ್ಯಯನ ಹೆಸರು ಮಾಡಿತ್ತು. ಐದನೇ ತರಗತಿಯ ಮಕ್ಕಳಿಗೆ ಒಗಟಿನಂತಹ ಪ್ರಶ್ನೆಗಳನ್ನು ಕೊಟ್ಟು, ಕೆಲವರಿಗೆ ‘ನೀನು ಬುದ್ಧಿವಂತ’ ಎಂದೂ ಕೆಲವರಿಗೆ ‘ಚೆನ್ನಾಗಿ ಶ್ರಮಪಟ್ಟೆ’ ಎಂದೂ ಹೇಳಲಾಯಿತು. ನಂತರ ಬೇಕೆಂದೇ ಕಷ್ಟದ ಪ್ರಶ್ನೆಗಳನ್ನು ಕೊಟ್ಟು ಸೋಲಿಸಲಾಯಿತು. ಮೂರನೆಯ ಸುತ್ತಿನಲ್ಲಿ, ಮೊದಲಿನಷ್ಟೇ ಸುಲಭದ ಪ್ರಶ್ನೆಗಳಿದ್ದರೂ, ಬುದ್ಧಿವಂತ ಎನಿಸಿಕೊಂಡ ಮಕ್ಕಳು ಮುಗ್ಗರಿಸಿದರು. ಶ್ರಮವನ್ನು ಮೆಚ್ಚಿಸಿಕೊಂಡವರು ಸುಧಾರಿಸಿದರು. ಬುದ್ಧಿವಂತ ಎನಿಸಿಕೊಂಡವರಲ್ಲಿ ತಮ್ಮ ಅಂಕವನ್ನು ಹೆಚ್ಚಿಸಿ ಹೇಳಿಕೊಂಡವರೂ ಹೆಚ್ಚಿದ್ದರು. ಕಾರಣ ಸರಳ. ಗೆಲುವಿಗೆ ಬುದ್ಧಿ ಕಾರಣವೆಂದು ಒಮ್ಮೆ ಒಪ್ಪಿಕೊಂಡರೆ, ಸೋಲಿಗೆ ದಡ್ಡತನ ಕಾರಣವೆಂದು ಒಪ್ಪಿಕೊಳ್ಳಬೇಕಾಗುತ್ತದೆ. ಹೊಗಳಿ ಹೊನ್ನಶೂಲಕ್ಕೇರಿಸುವುದು ಎಂಬ ನುಡಿಗಟ್ಟು ಇದನ್ನು ಬಹಳ ಹಿಂದೆಯೇ ಹಿಡಿದಿತ್ತು.

ಆದರೆ ಇಲ್ಲಿಂದ ಹುಟ್ಟಿದ ‘ಶ್ರಮವನ್ನು ಹೊಗಳಿ’ ಎಂಬ ಘೋಷಣೆ ತಾನೇ ಒಂದು ಮಂತ್ರವಾಗಿಬಿಟ್ಟಿತು. ನಮ್ಮ ಅನೇಕ ಶಿಕ್ಷಕ ತರಬೇತಿಗಳ ಸ್ಲೈಡುಗಳಲ್ಲಿ ಇಂದಿಗೂ ಅದೇ ಕಾಣುತ್ತದೆ. ಮೇಲಿನ ಮಗು ತಪ್ಪು ದಾರಿಯಲ್ಲಿಯೇ ಶ್ರಮಪಟ್ಟು ಐವತ್ತು ಲೆಕ್ಕ ಮಾಡಿದರೆ ‘ಒಳ್ಳೆಯ ಪ್ರಯತ್ನ’ ಎನ್ನುವುದು ಬರೀ ಸಮಾಧಾನದ ಮಾತು. ಡ್ವೆಕ್ ಅವರೇ 2015ರಲ್ಲಿ, ಕಲಿಕೆ ಆಗದಿದ್ದಾಗಲೂ ಶ್ರಮವನ್ನು ಹೊಗಳಿ ಕೈತೊಳೆದುಕೊಳ್ಳುವುದು ತಮ್ಮ ಮಾತಿನ ಅಪಾರ್ಥ ಎಂದು ಎಚ್ಚರಿಸಬೇಕಾಯಿತು. ಬುದ್ಧಿ ಶ್ರಮದಿಂದ ಬೆಳೆಯುತ್ತದೆ ಎಂಬ ಮನೋಭಾವವನ್ನು ಮಕ್ಕಳಲ್ಲಿ ಮೂಡಿಸುವ ಕಾರ್ಯಕ್ರಮಗಳಿಂದ ಆಗುವ ಲಾಭ ಸರಾಸರಿಯಲ್ಲಿ ತೀರ ಸಣ್ಣದು ಎಂದು 2018ರ ಒಂದು ಸಮಗ್ರ ವಿಶ್ಲೇಷಣೆ ತೋರಿಸಿತು. 2019ರಲ್ಲಿ ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಹಿಂದುಳಿದ ಮಕ್ಕಳಿಗೆ ಅಲ್ಪ ಪ್ರಯೋಜನ ಕಂಡಿತು, ಅಷ್ಟೇ.

ಇವೆಲ್ಲಕ್ಕಿಂತ ಶಿಕ್ಷಕರು ಗಮನಿಸಬೇಕಾದದ್ದು 1996ರ ಕ್ಲೂಗರ್ ಮತ್ತು ಡಿನಿಸಿ ಅವರ ವಿಶ್ಲೇಷಣೆ. ಹಿಮ್ಮಾಹಿತಿಯ ಕುರಿತ ಆರುನೂರಕ್ಕೂ ಹೆಚ್ಚು ಫಲಿತಾಂಶಗಳನ್ನು ಒಟ್ಟುಗೂಡಿಸಿದಾಗ ಸರಾಸರಿಯಲ್ಲಿ ಲಾಭ ಕಂಡರೂ, ಮೂರನೇ ಒಂದಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಸಾಧನೆ ಕುಸಿದಿತ್ತು. ಅವರ ವಿವರಣೆಯ ಪ್ರಕಾರ, ಮಾತು ಕೇಳಿದವರ ಗಮನ ಕೆಲಸವನ್ನು ಬಿಟ್ಟು ‘ನಾನು ಎಂಥವನು’ ಎಂಬುದರ ಕಡೆಗೆ ಹೊರಳಿದಷ್ಟೂ ಕೆಲಸ ಕೆಡುತ್ತದೆ. ರೂತ್ ಬಟ್ಲರ್ 1988ರಲ್ಲಿ ಇಸ್ರೇಲಿನ ಐದು, ಆರನೇ ತರಗತಿಯ ಮಕ್ಕಳಲ್ಲಿ ಕಂಡದ್ದೂ ಇದೇ ಜಾಡಿನದು. ಟಿಪ್ಪಣಿ ಮಾತ್ರ ಪಡೆದ ಮಕ್ಕಳ ಆಸಕ್ತಿ, ಸಾಧನೆ ಎರಡೂ ಬೆಳೆದವು. ಅಂಕ ಪಡೆದವರಲ್ಲಿ ಹಾಗಾಗಲಿಲ್ಲ. ಅಂಕ ಮತ್ತು ಟಿಪ್ಪಣಿ ಎರಡನ್ನೂ ಪಡೆದವರೂ ಅಂಕ ಪಡೆದವರಂತೆಯೇ ಉಳಿದರು. ಉತ್ತರಪತ್ರಿಕೆ ಕೈಗೆ ಬಂದ ಕ್ಷಣ ಮಕ್ಕಳು ಮೊದಲು ತಮ್ಮ ಅಂಕವನ್ನೂ ಆಮೇಲೆ ಪಕ್ಕದವರ ಅಂಕವನ್ನೂ ನೋಡುವುದನ್ನು ಬಲ್ಲ ಯಾರಿಗೂ ಇದು ಅಚ್ಚರಿಯಲ್ಲ.

ಸುಲಭದ ಕೆಲಸಕ್ಕೆ ಸಿಕ್ಕ ದೊಡ್ಡ ಹೊಗಳಿಕೆ

ಹಿಂದುಳಿದ ಮಗುವಿಗೆ ಹೆಚ್ಚು ಹೊಗಳಿಕೆ ಬೇಕು ಎಂಬುದು ಸದುದ್ದೇಶದ ಮಾತು. ನೆದರ್ಲೆಂಡ್ಸ್‌ನಲ್ಲಿ ಎಡ್ಡಿ ಬ್ರಮೆಲ್ಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಆತ್ಮವಿಶ್ವಾಸ ಕಡಿಮೆ ಇರುವ ಮಕ್ಕಳಿಗೇ ದೊಡ್ಡವರು ಉತ್ಪ್ರೇಕ್ಷೆಯ ಹೊಗಳಿಕೆಯನ್ನು ಹೆಚ್ಚಾಗಿ ಕೊಡುತ್ತಾರೆಂದೂ, ಅದನ್ನು ಪಡೆದ ಅಂಥ ಮಕ್ಕಳೇ ಮುಂದೆ ಬಿಡಿಸಲು ಕಷ್ಟದ ಚಿತ್ರವನ್ನು ಬಿಟ್ಟು ಸುಲಭದ್ದನ್ನು ಆರಿಸಿಕೊಳ್ಳುತ್ತಾರೆಂದೂ ಕಂಡುಬಂತು. ‘ಅದ್ಭುತ’ ಎನಿಸಿಕೊಂಡವರು ಮುಂದಿನ ಸಲವೂ ಅದ್ಭುತವಾಗಿಯೇ ಇರಬೇಕಲ್ಲ.

ಇನ್ನೊಂದು ತೊಡಕಿದೆ. ಹತ್ತು ವರ್ಷ ದಾಟಿದ ಮಗು ಹೊಗಳಿಕೆಯ ಮಾತನ್ನಷ್ಟೇ ಕೇಳುವುದಿಲ್ಲ, ಅದು ಯಾರಿಗೆ, ಯಾವುದಕ್ಕೆ ಸಿಕ್ಕಿತೆಂದು ಲೆಕ್ಕ ಹಾಕುತ್ತದೆ. ಎಲ್ಲರೂ ಮಾಡಿದ ಸುಲಭದ ಲೆಕ್ಕಕ್ಕೆ ತನ್ನೊಬ್ಬಳಿಗೇ ಚಪ್ಪಾಳೆ ತಟ್ಟಿಸಿದರೆ, ‘ನನ್ನಿಂದ ಇಷ್ಟೂ ಆಗುವುದಿಲ್ಲವೆಂದು ಮೇಷ್ಟ್ರು ಎಣಿಸಿದ್ದರು’ ಎಂಬ ಅರ್ಥ ಅವಳಿಗೆ ತಲುಪುತ್ತದೆ. ಜರ್ಮನಿಯ ಮನೋವಿಜ್ಞಾನಿ ವುಲ್ಫ್-ಉವೆ ಮೇಯರ್ ಹೊಗಳಿಕೆಯ ಈ ವಿಪರೀತ ಪರಿಣಾಮವನ್ನು ದಶಕಗಳ ಹಿಂದೆಯೇ ಗುರುತಿಸಿದ್ದರು.

ಬೆತ್ತದ ಪಕ್ಷದವರ ಉತ್ತರ

ಇಷ್ಟನ್ನು ಓದಿ ‘ನಾವು ಹೇಳಿದ್ದೂ ಅದನ್ನೇ, ಹೊಗಳಿದರೆ ಮಕ್ಕಳು ಕೆಡುತ್ತಾರೆ’ ಎಂದು ತಲೆಯಾಡಿಸುವವರಿದ್ದಾರೆ. ಅವರು ಆತುರಪಡಬಾರದು. ಹೊಗಳಿಕೆ ಅತಿಯಾದ ಸಮಾಜದಲ್ಲಿ ನಡೆದ ಸಂಶೋಧನೆಯನ್ನು, ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಬೇಕಾಗಿ ಬಂದ ಸಮಾಜಕ್ಕೆ ಹಾಗೆಯೇ ಹೊಂದಿಸುವುದು ತಪ್ಪು. ನಮ್ಮಲ್ಲಿ ಒಂದೇ ಊರಿನ ಎರಡು ಶಾಲೆಗಳ ಕಾಯಿಲೆ ಬೇರೆ ಬೇರೆ ಇರಬಹುದು. ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಬ್ಬ ‘ಸ್ಟಾರ್’ ಘೋಷಿಸಿ, ಶುಲ್ಕ ಕಟ್ಟಿದ ಪೋಷಕರನ್ನು ಖುಷಿಪಡಿಸಬೇಕಾದ ಶಾಲೆ ಒಂದು. ವರ್ಷವಿಡೀ ಒಂದು ಒಳ್ಳೆಯ ಮಾತನ್ನೂ ಕೇಳದ ಹಿಂದಿನ ಬೆಂಚಿನ ಮಕ್ಕಳಿರುವ ಶಾಲೆ ಇನ್ನೊಂದು. ಎರಡನೆಯ ಶಾಲೆಯಲ್ಲಿ ಹೊಗಳಿಕೆಯ ಅಪಾಯದ ಬಗ್ಗೆ ಭಾಷಣ ಮಾಡುವುದು ಹಸಿದವರಿಗೆ ಪಥ್ಯ ಹೇಳಿದಂತೆ.

ಕನ್ನಡದಲ್ಲಿ ಮಗುವನ್ನು ಅಳೆಯಲು ಪದಗಳಿಗೆ ಬರವಿಲ್ಲ: ಜಾಣ, ದಡ್ಡ, ಚುರುಕು, ಮಂದ, ಪೆದ್ದು, ಕಿಲಾಡಿ. ಕೆಲಸವನ್ನು ಅಳೆಯುವ ಪದಗಳೂ ಬೇಕಾದಷ್ಟಿವೆ, ಆದರೆ ಅವು ತರಗತಿಯ ಹೊರಗೆ ಬದುಕಿವೆ. ಅಡುಗೆಯವರು ‘ಉಪ್ಪು ಒಂದು ಚಿಟಿಕೆ ಮುಂದಾಯಿತು, ಹದ ಸರಿ ಇದೆ’ ಎನ್ನುತ್ತಾರೆ. ನೇಕಾರರು ನೇಯ್ಗೆ ಜಾಳಾಯಿತು ಎನ್ನುತ್ತಾರೆ. ಸಂಗೀತದ ಮೇಷ್ಟ್ರು ‘ಶ್ರುತಿ ಇಳಿಯಿತು, ಪಂಚಮದಿಂದ ಮತ್ತೆ ಹಿಡಿ’ ಎನ್ನುತ್ತಾರೆ. ಈ ಮಾತುಗಳಲ್ಲಿ ಯಾರೂ ಜಾಣರಲ್ಲ, ಯಾರೂ ದಡ್ಡರಲ್ಲ. ಕೆಲಸ ಎಲ್ಲಿ ನಿಂತಿದೆ ಎಂಬುದಷ್ಟೇ ಇದೆ. ‘ನಮ್ಮೂರ ಜಾತ್ರೆ’ ಎಂಬ ಪ್ರಬಂಧಕ್ಕೂ ಹೀಗೆ ಬರೆಯಲು ಸಾಧ್ಯ: ‘ತೇರಿನ ಹಗ್ಗ ಎಳೆದು ಅಂಗೈ ಉರಿಯಿತು ಎಂಬ ಸಾಲು ಕಣ್ಣಿಗೆ ಕಟ್ಟಿತು. “ತುಂಬಾ ಚೆನ್ನಾಗಿತ್ತು” ಎಂದು ನಾಲ್ಕು ಕಡೆ ಇದೆ. ಅದರಲ್ಲಿ ಎರಡನ್ನು ಆ ಹಗ್ಗದ ಸಾಲಿನ ಹಾಗೆ ಬದಲಿಸಿ ತಾ.’ ‘ಎಕ್ಸಲೆಂಟ್’ ಎಂಬುದಕ್ಕಿಂತ ಇದು ದೊಡ್ಡ ಮೆಚ್ಚುಗೆ, ಏಕೆಂದರೆ ಬರೆದದ್ದನ್ನು ಓದಿದ್ದಾರೆ ಎಂಬುದಕ್ಕೆ ಇದರಲ್ಲಿ ಪುರಾವೆಯಿದೆ.

ಟೀಕೆಯನ್ನು ಮಗು ನಂಬುವುದು ಯಾವಾಗ ಎಂಬ ಪ್ರಶ್ನೆಗೆ ಡೇವಿಡ್ ಯೇಗರ್ ಮತ್ತು ಸಂಗಡಿಗರ 2014ರ ಅಧ್ಯಯನ ಒಂದು ಸುಳಿವು ಕೊಡುತ್ತದೆ. ಅಮೆರಿಕದ ಏಳನೇ ತರಗತಿಯ ಮಕ್ಕಳ ಪ್ರಬಂಧಗಳನ್ನು ತಿದ್ದಿ ಮರಳಿಸುವಾಗ, ‘ನಿನ್ನಿಂದ ನನ್ನ ನಿರೀಕ್ಷೆ ದೊಡ್ಡದು, ಅದನ್ನು ನೀನು ಮುಟ್ಟಬಲ್ಲೆ ಎಂದು ಗೊತ್ತಿರುವುದರಿಂದ ಇಷ್ಟು ತಿದ್ದಿದ್ದೇನೆ’ ಎಂಬರ್ಥದ ಚೀಟಿಯನ್ನು ಕೆಲವರ ಹಾಳೆಗೆ ಅಂಟಿಸಲಾಯಿತು. ಸಾಮಾನ್ಯ ಚೀಟಿ ಪಡೆದ ಕಪ್ಪು ವರ್ಣದ ಮಕ್ಕಳಲ್ಲಿ ಪ್ರಬಂಧವನ್ನು ತಿದ್ದಿ ಬರೆದು ತಂದವರು ಶೇ 17. ಈ ಚೀಟಿ ಪಡೆದವರಲ್ಲಿ ಶೇ 70ಕ್ಕೂ ಹೆಚ್ಚು. ಶಿಕ್ಷಕರು ತಮ್ಮನ್ನು ಕೀಳಾಗಿ ಕಾಣುತ್ತಾರೆಂಬ ಶಂಕೆಗೆ ಕಾರಣವಿರುವ ಮಕ್ಕಳಲ್ಲಿಯೇ ಪರಿಣಾಮ ದೊಡ್ಡದಾಗಿತ್ತು. ಜಾತಿ, ಭಾಷೆ, ಬಡತನದ ಕಾರಣಕ್ಕೆ ಇಂತಹದೇ ಶಂಕೆಯನ್ನು ಹೊತ್ತು ಬರುವ, ಮನೆಯಲ್ಲಿ ಮೊದಲ ಬಾರಿಗೆ ಅಕ್ಷರ ಕಲಿಯುತ್ತಿರುವ ಮಕ್ಕಳು ನಮ್ಮ ಸರ್ಕಾರಿ ಶಾಲೆಗಳಲ್ಲೂ ಇದ್ದಾರೆ.

ಏಣಿ ಇತ್ತು

ಅಚ್ಚರಿಯೆಂದರೆ ಕರ್ನಾಟಕಕ್ಕೆ ಇದು ಹೊಸತಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ಋಷಿವ್ಯಾಲಿ ಶಾಲೆಯ ಮಾದರಿಯಿಂದ ಪ್ರೇರಣೆ ಪಡೆದು ಶುರುವಾದ, ಈಗ ಒಂದರಿಂದ ಮೂರನೇ ತರಗತಿಯವರೆಗೆ ಇರುವ ನಲಿ-ಕಲಿ ಪದ್ಧತಿಯಲ್ಲಿ ಕಲಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಏಣಿ ಗೋಡೆಯ ಮೇಲಿರುತ್ತದೆ. ಮಗು ತಾನು ಯಾವ ಮೈಲಿಗಲ್ಲಿನಲ್ಲಿ, ಯಾವ ಕಾರ್ಡಿನಲ್ಲಿದ್ದೇನೆಂದು ತಾನೇ ನೋಡಿ, ಅದಕ್ಕೆ ತಕ್ಕ ‘ತಟ್ಟೆ’ಗೆ, ಅಂದರೆ ಗುಂಪಿಗೆ, ಹೋಗಿ ಕೂರುತ್ತದೆ. ತಟ್ಟೆಗಳ ಹೆಸರೇ ಒಂದು ಹಿಮ್ಮಾಹಿತಿ: ಪೂರ್ಣ ಶಿಕ್ಷಕರ ಸಹಾಯ, ಭಾಗಶಃ ಶಿಕ್ಷಕರ ಸಹಾಯ, ಪೂರ್ಣ ಸಹಪಾಠಿಗಳ ಸಹಾಯ, ಭಾಗಶಃ ಸಹಪಾಠಿಗಳ ಸಹಾಯ, ಸ್ವಕಲಿಕೆ. ಎಷ್ಟು ಅಂಕ ಎಂಬ ಪ್ರಶ್ನೆಯ ಜಾಗದಲ್ಲಿ ಎಷ್ಟು ಸಹಾಯ ಬೇಕು ಎಂಬ ಪ್ರಶ್ನೆಯಿದೆ.

ಅದರ ಜಾರಿಯ ಕುರಿತು ದೂರುಗಳೂ ಇವೆ. ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ನಿಭಾಯಿಸುವಾಗ ತಟ್ಟೆಗಳು ಬರೀ ಕೂರುವ ಜಾಗಗಳಾಗಿಬಿಡುತ್ತವೆ. ಆದರೂ ಮುಖ್ಯ ಸಮಸ್ಯೆ ನಾಲ್ಕನೇ ತರಗತಿಯಲ್ಲಿದೆ. ಅಲ್ಲಿ ಏಣಿ ಮುಗಿದು ಪಠ್ಯಪುಸ್ತಕ ಶುರುವಾಗುತ್ತದೆ, ಮಗು ತಾನು ಎಲ್ಲಿದ್ದೇನೆಂದು ತಿಳಿಯುವ ದಾರಿ ಎಫ್‌ಎ (ರೂಪಣಾತ್ಮಕ), ಎಸ್‌ಎ (ಸಂಕಲನಾತ್ಮಕ) ಪರೀಕ್ಷೆಗಳ ಅಂಕಗಳೊಂದೇ ಆಗುತ್ತದೆ.

ಸಮಯವೆಲ್ಲಿ?

ಶಿಕ್ಷಕರ ಪ್ರಾಮಾಣಿಕ ಆಕ್ಷೇಪ ಇದು. ನಲವತ್ತು ಮಕ್ಕಳ ಪುಸ್ತಕಕ್ಕೆ ತಲಾ ಮೂರು ನಿಮಿಷ ಕೊಟ್ಟರೆ ಎರಡು ಗಂಟೆ ಬೇಕು, ಅದೂ ಒಂದು ವಿಷಯಕ್ಕೆ. ಸಿಬಿಎಸ್‌ಇ ಶಾಲೆಗಳಲ್ಲಿ 2009ರಲ್ಲಿ ಆರಂಭವಾದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವು 2017ರಲ್ಲಿ ನಿಂತುಹೋಗಲು ಈ ಭಾರವೂ ಒಂದು ಕಾರಣ. ಪ್ರತಿ ಮಗುವಿನ ಬಗ್ಗೆ ವಿವರಣೆ ಬರೆಯಬೇಕೆಂದಾಗ ಸಿದ್ಧ ವಾಕ್ಯಗಳ ಪಟ್ಟಿಯಿಂದ ನಕಲು ಮಾಡುವ ರೂಢಿ ಬೆಳೆಯಿತು, ವಿವರಣೆಯೂ ‘ಗುಡ್’ ಎಂಬುದರ ಉದ್ದನೆಯ ರೂಪವಾಯಿತು. ಈಗ ಎನ್‌ಸಿಇಆರ್‌ಟಿಯಡಿಯ ರಾಷ್ಟ್ರೀಯ ಮೌಲ್ಯಮಾಪನ ಸಂಸ್ಥೆ ಪರಖ್ ರೂಪಿಸಿರುವ ಸಮಗ್ರ ಪ್ರಗತಿ ಪತ್ರದಲ್ಲಿ ಪುಟ್ಟ ಮಕ್ಕಳ ಹಂತಗಳಿಗೆ ತೊರೆ, ಬೆಟ್ಟ, ಆಕಾಶ ಎಂಬ ಚೆಂದದ ಹೆಸರುಗಳಿವೆ. ತೊರೆಯಲ್ಲಿರುವ ಮಗುವಿಗೆ ಬೆಟ್ಟದ ದಾರಿ ಯಾವುದೆಂದು ಬರೆಯಲು ಯಾರಿಗೂ ಸಮಯವಿಲ್ಲದಿದ್ದರೆ ಅವೂ ಹೊಸ ಬಗೆಯ ಸ್ಟಾರುಗಳಾಗುತ್ತವೆ.

ಅನುಭವಿಗಳು ಕೆಲವು ಒಳದಾರಿಗಳನ್ನು ಹಿಡಿಯುತ್ತಾರೆ. ದಿನಕ್ಕೆ ಐದೇ ಪುಸ್ತಕಗಳನ್ನು ಆಳವಾಗಿ ನೋಡುವುದು, ಉಳಿದವುಗಳಲ್ಲಿ ಸಾಮಾನ್ಯವಾಗಿ ಕಂಡ ತಪ್ಪೊಂದನ್ನು ಹೆಸರು ಹೇಳದೆ ಕಪ್ಪುಹಲಗೆಯ ಮೇಲೆ ಬಿಡಿಸಿ ತರಗತಿಗೇ ಹುಡುಕಲು ಹಚ್ಚುವುದು, ತಿದ್ದಿ ತಂದ ಮೇಲೆಯೇ ಅಂಕ ಹೇಳುವುದು. ಇವುಗಳಿಗೆ ಆದೇಶ ಬೇಕಿಲ್ಲ. ಆದರೆ ತಪಾಸಣೆಗೆ ಬಂದವರು ಪುಸ್ತಕದಲ್ಲಿ ಎಷ್ಟು ಸಹಿಗಳಿವೆ ಎಂದು ಎಣಿಸುವ ಪದ್ಧತಿ ಇರುವವರೆಗೆ, ಐದೇ ಪುಸ್ತಕ ನೋಡಿದ ಶಿಕ್ಷಕರು ಸೋಮಾರಿಗಳೆಂದೇ ಲೆಕ್ಕಕ್ಕೆ ಬರುತ್ತಾರೆ.

ಮುಂದೆ ಆಗುವುದೇನು

ಪಾಸ್ ಅಂಕ ಇಳಿದದ್ದರಿಂದ 206 ಮತ್ತು 219ರ ನಡುವಿನ ಮಕ್ಕಳ ಕೈಗೆ ಅಂಕಪಟ್ಟಿ ಸಿಗುತ್ತದೆ, ಐಟಿಐ, ಪಿಯು ಬಾಗಿಲು ತೆರೆಯುತ್ತದೆ. ಇದು ಸಣ್ಣ ಲಾಭವಲ್ಲ. ಸಿಬಿಎಸ್‌ಇಯಲ್ಲೂ ಮಿತಿ ಶೇ 33 ಇರುವಾಗ ರಾಜ್ಯದ ಮಕ್ಕಳಿಗೆ ಮಾತ್ರ ಏಕೆ ಹೆಚ್ಚು ಎಂಬ ವಾದದಲ್ಲಿ ನ್ಯಾಯವಿದೆ. ಗುಣಮಟ್ಟ ಕುಸಿಯುತ್ತದೆ ಎಂಬ ಕೂಗು ಸ್ವಲ್ಪ ಅತಿಯಾದದ್ದು, ಏಕೆಂದರೆ ಹದಿಮೂರು ಅಂಕಗಳ ಅಂತರದಲ್ಲಿ ಗುಣಮಟ್ಟ ಅಡಗಿ ಕೂತಿರಲಿಲ್ಲ. ಆ ಮಕ್ಕಳು ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ಎಡವಿದರೆ, ಅದರ ಕಾರಣ ಹತ್ತನೇ ತರಗತಿಯ ಮಿತಿಗಿಂತ ಬಹಳ ಹಿಂದಿನ ಕಾಪಿ ಪುಸ್ತಕಗಳಲ್ಲಿರುತ್ತದೆ.

ಕೇಂದ್ರದ 2024ರ ನಿಯಮದ ಪರಿಣಾಮ ಇದಕ್ಕಿಂತ ತೀಕ್ಷ್ಣವಾದದ್ದು, ಅದನ್ನು ಒಪ್ಪುವ ಬಿಡುವ ಸ್ವಾತಂತ್ರ್ಯ ರಾಜ್ಯಗಳಿಗಿದ್ದರೂ. ಅನುತ್ತೀರ್ಣವಾದ ಮಗುವಿಗೆ ಹೆಚ್ಚುವರಿ ಬೋಧನೆ ಕೊಟ್ಟು, ಫಲಿತಾಂಶದ ಎರಡು ತಿಂಗಳೊಳಗೆ ಮರುಪರೀಕ್ಷೆ ನಡೆಸಬೇಕು. ಅದರಲ್ಲೂ ಸೋತರೆ ಅದೇ ತರಗತಿಯಲ್ಲಿ ಉಳಿಸಬಹುದು. ಹಾಗೆ ಉಳಿದ ಮಗುವಿಗೂ ಅದರ ಪೋಷಕರಿಗೂ ತರಗತಿ ಶಿಕ್ಷಕರು ಮಾರ್ಗದರ್ಶನ ಮಾಡಬೇಕು, ಕಲಿಕೆಯ ಕೊರತೆಗಳನ್ನು ಗುರುತಿಸಬೇಕು ಎಂದೂ ನಿಯಮದಲ್ಲಿದೆ. ಹೊಗಳುವವರೂ ಬೈಯುವವರೂ ಬಿಟ್ಟುಬಿಟ್ಟ ಕೆಲಸ ಈಗ ನಿಯಮದ ಭಾಷೆಯಲ್ಲಿ, ಎಲ್ಲಕ್ಕಿಂತ ಕೊನೆಯ ಹಂತದಲ್ಲಿ ಬಂದು ಕೂತಿದೆ. ಐದನೇ ತರಗತಿಯ ಶಿಕ್ಷಕರು ಆ ಕೊರತೆಯನ್ನು ಹುಡುಕಲು ಮಗುವಿನ ಹಳೆಯ ಪುಸ್ತಕಗಳನ್ನು ತೆರೆದರೆ, 52ರಲ್ಲಿ 37 ಕಳೆದು 25 ಎಂದು ಬರೆದ ಪುಟವೂ, ಅದರ ಕೆಳಗೆ ಕೆಂಪು ಶಾಯಿಯ ‘ಗುಡ್’ ಕೂಡ ಅಲ್ಲೇ ಸಿಗುತ್ತವೆ.